ಪ್ರಶ್ನಿಸುವ ಮಕ್ಕಳು, ಪರೀಕ್ಷಿಸುವ ತಂದೆ



ನಮ್ಮ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲಿ ದಾನ, ಪೂಜೆ, ವ್ರತ, ತೀರ್ಥಯಾತ್ರೆಗಳನ್ನು ಕುರಿತು ವಿದ್ವಾಂಸರು ಬರೆಯುವುದು ರೂಢಿ. ನಾನು ಪಂಡಿತನಲ್ಲ, ಮ್ಯಾಟ್ರಿಕ್ ಮುಗಿಸಿ ತಂದೆಯವರ ಕಾಳುಕಡಿಯ ಅಂಗಡಿಯಲ್ಲಿ ಕುಳಿತವನು. ಆದ್ದರಿಂದ ಈ ಬಾರಿ ಮನೆಯೊಳಗಿನ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಮ್ಮ ಗಡಿನಾಡಿನ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ, ಬಸದಿಯಲ್ಲಿ ಪ್ರಾಕೃತ-ಸಂಸ್ಕೃತ ಕೇಳುತ್ತಾರೆ. ಮೂರು ಕಡೆಯಿಂದ ಮೂರು ಬಗೆಯ ಮಾತು ಕಿವಿಗೆ ಬಿದ್ದಾಗ ಮಗುವಿನ ಮನಸ್ಸಿನಲ್ಲಿ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಯನ್ನು ತಂದೆಯಾದವನು ಏನು ಮಾಡುತ್ತಾನೆ? ಉತ್ತರಿಸುತ್ತಾನೆಯೇ, ಗದರುತ್ತಾನೆಯೇ, ನಕ್ಕು ಬಿಡುತ್ತಾನೆಯೇ? ಮಗು ಎರಡನೆಯ ಪ್ರಶ್ನೆಯನ್ನು ನಮ್ಮ ಬಳಿ ತರುವುದೋ, ಬೇರೆಯವರ ಬಳಿ ಒಯ್ಯುವುದೋ ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

ತಂದೆಯೇ ಮೊದಲ ಗುರು

ನಮ್ಮ ಪರಂಪರೆಯಲ್ಲಿ ವಿದ್ಯೆಯ ಆರಂಭವೇ ತಂದೆಯೊಬ್ಬನ ತೊಡೆಯ ಮೇಲೆ ಆಯಿತು. ಭಗವಾನ್ ಆದಿನಾಥರು ಗೃಹಸ್ಥಾಶ್ರಮದಲ್ಲಿದ್ದಾಗ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದರೆಂದು ಪುರಾಣಗಳು ಹೇಳುತ್ತವೆ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿಯೂ 941ರಲ್ಲಿ ಪಂಪನು ಬರೆದ ಕನ್ನಡ ಆದಿಪುರಾಣದಲ್ಲಿಯೂ ಈ ಪ್ರಸಂಗವಿದೆ. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ವಿದ್ಯೆ ಮೊದಲು ದೊರೆತದ್ದು ಹೆಣ್ಣುಮಕ್ಕಳಿಗೆ. ಎರಡನೆಯದು, ಕಲಿಸಿದ್ದು ಭಾಷೆ ಮತ್ತು ಲೆಕ್ಕ. ಇವೆರಡೂ ವಿಚಾರ ಮಾಡಲು ಬೇಕಾದ ಉಪಕರಣಗಳು. ಸಿದ್ಧ ಉತ್ತರಗಳ ಗಂಟನ್ನು ಆ ತಂದೆ ಮಕ್ಕಳ ಕೈಗೆ ಕೊಡಲಿಲ್ಲ.

ಪೃಚ್ಛನೆಯೂ ತಪಸ್ಸು

ದಿಗಂಬರರೂ ಶ್ವೇತಾಂಬರರೂ ಸಮಾನವಾಗಿ ಮಾನ್ಯ ಮಾಡುವ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಆ ಸ್ವಾಧ್ಯಾಯಕ್ಕೆ ಐದು ಭೇದಗಳು: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು ಮೊದಲನೆಯದಾದರೆ, ಕೇಳಿ ತಿಳಿಯುವುದು ಎರಡನೆಯದು. ಮೂರನೆಯದು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು. ಪಾಠವನ್ನು ಶುದ್ಧವಾಗಿ ಪುನರಾವರ್ತಿಸುವುದು ಬರುವುದು ನಾಲ್ಕನೆಯ ಸ್ಥಾನದಲ್ಲಿ, ಇತರರಿಗೆ ಹೇಳುವುದು ಕೊನೆಯಲ್ಲಿ. ನಮ್ಮ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮಗುವಿಗೆ ಮೊದಲು ಕಂಠಪಾಠ, ಅನಂತರ ಉಪದೇಶ. ನಡುವಿನ ಪೃಚ್ಛನೆಗೆ ಅವಕಾಶವೇ ಇಲ್ಲ. ‘ಹಂಗೆಲ್ಲ ಕೇಳಬಾರದು’ ಎಂಬ ಒಂದೇ ಮಾತಿನಿಂದ ನಾವು ಸ್ವಾಧ್ಯಾಯದ ಒಂದು ಅಂಗವನ್ನೇ ಕತ್ತರಿಸಿ ಹಾಕುತ್ತೇವೆ.

ದಿಗಂಬರ ಪರಂಪರೆಯ ಇನ್ನೊಂದು ಪ್ರಸಂಗವನ್ನು ನೆನೆಯಬೇಕು. ವರ್ಧಮಾನ ಸ್ವಾಮಿಗೆ ಕೇವಲಜ್ಞಾನವಾದ ಮೇಲೂ 66 ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲ; ಗ್ರಹಿಸಲು ಯೋಗ್ಯನಾದ ಗಣಧರನಿರಲಿಲ್ಲ. ಇಂದ್ರಭೂತಿ ಗೌತಮನು ಬಂದ ಮೇಲೆಯೇ ಉಪದೇಶ ಆರಂಭವಾಯಿತು. ಆ ಗೌತಮನು ಬಂದದ್ದು ಭಕ್ತನಾಗಿ ಅಲ್ಲ, ವಾದಿಸಬಲ್ಲ ವಿದ್ವಾಂಸನಾಗಿ. ಅನಂತರ ನಮ್ಮ ಪುರಾಣಗಳೆಲ್ಲ ನಡೆಯುವುದೇ ಶ್ರೇಣಿಕ ಮಹಾರಾಜನು ಕೇಳಿದ, ಗೌತಮ ಗಣಧರನು ಹೇಳಿದ ಎಂಬ ಚೌಕಟ್ಟಿನಲ್ಲಿ. ಕೇಳುವವನಿಲ್ಲದಿದ್ದರೆ ಪುರಾಣವೇ ಇಲ್ಲ.

ಶಂಕೆ ದೋಷವಲ್ಲವೇ?

ಇಲ್ಲಿ ಹಿರಿಯರೊಬ್ಬರು ಆಕ್ಷೇಪಿಸಬಹುದು: ‘ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದೇ ನಿಃಶಂಕಿತ. ಶಂಕೆ ಎಂಬುದು ಸಮ್ಯಕ್ತ್ವದ ಅತಿಚಾರ. ಹಾಗಿರುವಾಗ ಮಕ್ಕಳಿಗೆ ಸಂದೇಹ ಕಲಿಸುವುದು ಸರಿಯೇ?’ ಆಕ್ಷೇಪ ಗೌರವಯುತವಾದದ್ದು. ಉತ್ತರವೂ ನಮ್ಮ ಶಾಸ್ತ್ರದಲ್ಲಿಯೇ ಇದೆ.

ನಮ್ಮ ನ್ಯಾಯಗ್ರಂಥಗಳು ಜ್ಞಾನದ ಮೂರು ದೋಷಗಳನ್ನು ಹೇಳುತ್ತವೆ: ಸಂಶಯ, ವಿಪರ್ಯಯ, ಅನಧ್ಯವಸಾಯ. ಮಬ್ಬುಗತ್ತಲೆಯಲ್ಲಿ ದೂರದ ಆಕಾರವನ್ನು ಕಂಡು ಮನುಷ್ಯನೋ ಕಂಬವೋ ಎಂದು ತೂಗಾಡುವುದು ಸಂಶಯ. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ನಿಶ್ಚಯಿಸುವುದು ವಿಪರ್ಯಯ. ದಾರಿಯಲ್ಲಿ ನಡೆಯುವಾಗ ಕಾಲಿಗೆ ಏನೋ ತಾಗಿತು, ಹುಲ್ಲೋ ಮತ್ತೇನೋ, ಇರಲಿ ಎಂದು ಮುಂದೆ ಸಾಗುವುದು ಅನಧ್ಯವಸಾಯ. ಪ್ರಶ್ನಿಸುವ ಮಗು ಸಂಶಯದಲ್ಲಿರಬಹುದು, ಆದರೆ ಹೊರಬರಲು ಹೊರಟಿದೆ. ಪ್ರಶ್ನಿಸದ ಮಗುವನ್ನು ನಾವು ‘ಬಹಳ ಶಾಂತ, ಹೇಳಿದ ಮಾತು ಕೇಳುತ್ತದೆ’ ಎಂದು ಹೊಗಳುತ್ತೇವೆ. ಅದು ಅನಧ್ಯವಸಾಯದಲ್ಲಿದೆಯೇ ಎಂದು ನೋಡುವುದಿಲ್ಲ. ಮೂರರಲ್ಲಿ ಕಠಿಣವಾದ ರೋಗ ಅದೇ, ಏಕೆಂದರೆ ರೋಗಿಗೆ ನೋವೇ ಇಲ್ಲ.

ಮತಿಜ್ಞಾನದ ಕ್ರಮವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ನಾಲ್ಕು ಮೆಟ್ಟಿಲುಗಳು. ಏನೋ ಬಿಳಿಯದು ಕಂಡಿತು ಎಂಬುದು ಅವಗ್ರಹ. ಅದು ಕೊಕ್ಕರೆಯೋ ಬಾವುಟವೋ ಎಂದು ತಿಳಿಯುವ ಪ್ರಯತ್ನ ಈಹಾ. ರೆಕ್ಕೆ ಬಡಿಯಿತು, ಆದ್ದರಿಂದ ಕೊಕ್ಕರೆಯೇ ಎಂಬುದು ಅವಾಯ. ಅದನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದು ಧಾರಣೆ. ಮಗು ಈಹೆಯ ಮೆಟ್ಟಿಲಿನಲ್ಲಿ ನಿಂತಿರುವಾಗ ನಾವು ಅವಸರದಿಂದ ಅವಾಯವನ್ನು ಅದರ ಬಾಯಿಗೆ ತುರುಕುತ್ತೇವೆ. ಮೆಟ್ಟಿಲು ತಪ್ಪಿಸಿ ಏರಿದವನಿಗೆ ಧಾರಣೆ ನಿಲ್ಲುವುದಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಾನೆ. ನಿಃಶಂಕಿತವೆಂದರೆ ಪ್ರಶ್ನೆ ಏಳದ ಸ್ಥಿತಿಯಲ್ಲ, ಪ್ರಶ್ನೆ ಪರಿಹಾರವಾದ ಸ್ಥಿತಿ.

ಇನ್ನು ಸಮಂತಭದ್ರಾಚಾರ್ಯರ ಧೈರ್ಯವನ್ನು ನೋಡಿರಿ. ಆಪ್ತಮೀಮಾಂಸೆಯ ಆರಂಭದಲ್ಲಿಯೇ ಅವರು ಭಗವಂತನನ್ನು ಉದ್ದೇಶಿಸಿ, ದೇವತೆಗಳ ಆಗಮನ, ಆಕಾಶಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುತ್ತವೆ, ಅವುಗಳಿಂದಲೇ ನೀವು ಮಹಾತ್ಮರೆಂದು ಒಪ್ಪಲಾಗದು ಎಂಬ ಅಭಿಪ್ರಾಯವನ್ನು ಮುಂದಿಡುತ್ತಾರೆ. ಮುಂದೆ ನಿರ್ದೋಷತೆ ಹಾಗೂ ಯುಕ್ತಿಗೆ ವಿರೋಧವಿಲ್ಲದ ವಚನ ಇವುಗಳ ಆಧಾರದಿಂದ ಆಪ್ತನನ್ನು ಸ್ಥಾಪಿಸುತ್ತಾರೆ. ಸ್ವಾಮಿಯನ್ನೇ ಪರೀಕ್ಷಿಸಿ ವಂದಿಸಿದ ಪರಂಪರೆಯಲ್ಲಿ ಹುಟ್ಟಿದ ನಾವು ಎಂಟು ವರ್ಷದ ಮಗುವಿನ ‘ಯಾಕೆ’ ಎಂಬ ಪದಕ್ಕೆ ಬೆದರಬೇಕೇ?

ಅಂಗಡಿಯಲ್ಲಿ ಕಲಿಯುವ ಪರೀಕ್ಷೆ

ವ್ಯಾಪಾರಿಗಳಾದ ನಾವು ದಿನವಿಡೀ ಸಂದೇಹಪಡುವವರೇ. ತೊಗರಿಯ ಚೀಲ ಬಂದರೆ ಬಾಯಿ ಬಿಚ್ಚಿ ಮೇಲಿನ ಕಾಳನ್ನಷ್ಟೇ ನೋಡಿ ಹಣ ಎಣಿಸುವುದಿಲ್ಲ. ಚೂಪಾದ ಕೊಳವೆಯನ್ನು ಚೀಲದ ಮಧ್ಯಕ್ಕೂ ತಳಕ್ಕೂ ಚುಚ್ಚಿ ಕಾಳು ತೆಗೆದು ಅಂಗೈಯಲ್ಲಿ ಹರಡುತ್ತೇವೆ. ಹಲ್ಲಿನಲ್ಲಿ ಕಡಿದು ತೇವ ನೋಡುತ್ತೇವೆ. ಬೆಲ್ಲವಾದರೆ ಮುರಿದು ಒಳಗಿನ ಬಣ್ಣ ನೋಡುತ್ತೇವೆ. ಆದರೆ ಮನೆಗೆ ಬಂದ ಮೇಲೆ ಮೊಬೈಲಿನಲ್ಲಿ ಯಾರೋ ಕಳುಹಿಸಿದ ಸಂದೇಶವನ್ನು ಚೀಲ ಬಿಚ್ಚದೆಯೇ ಹತ್ತು ಜನರಿಗೆ ದಾಟಿಸುತ್ತೇವೆ. ಕಾಳಿಗೆ ಇರುವ ಎಚ್ಚರ ಮಾತಿಗೆ ಏಕಿರಬಾರದು?

ಮಕ್ಕಳನ್ನು ಅಂಗಡಿಗೆ ಕರೆದೊಯ್ದು ತಕ್ಕಡಿಯನ್ನು ಪರೀಕ್ಷಿಸಲು ಹಚ್ಚುವುದು ಒಳ್ಳೆಯ ಪಾಠ. ಎರಡು ತಟ್ಟೆಗಳು ಸಮವಾಗಿ ನಿಂತ ಮಾತ್ರಕ್ಕೆ ತಕ್ಕಡಿ ಸರಿಯೆಂದು ಹೇಳಲಾಗದು. ಸರಕನ್ನೂ ತೂಕದ ಕಲ್ಲನ್ನೂ ಅದಲುಬದಲು ಮಾಡಿ ಇಡಬೇಕು. ಆಗಲೂ ಸಮವಾಗಿ ನಿಂತರೆ ತಕ್ಕಡಿ ಪ್ರಾಮಾಣಿಕ. ಒಂದು ಕಡೆ ವಾಲಿದರೆ ದಂಡದ ಎರಡು ಭುಜಗಳು ಸಮವಾಗಿಲ್ಲ. ವಾದಕ್ಕೂ ಇದೇ ನ್ಯಾಯ. ನಮ್ಮ ಮತದವರು ಹೇಳಿದಾಗ ಒಪ್ಪುವ ಪ್ರಮಾಣವನ್ನು ಬೇರೆ ಮತದವರು ಹೇಳಿದಾಗಲೂ ಒಪ್ಪುತ್ತೇವೆಯೇ? ತಟ್ಟೆ ಬದಲಿಸಿದ ಕೂಡಲೆ ವಾಲುವ ತಕ್ಕಡಿ ನಮ್ಮ ಮನಸ್ಸಿನಲ್ಲಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಯಾವ ಮಾತಾದರೂ ಕಿವಿಗೆ ಬಿದ್ದಾಗ ಮಕ್ಕಳು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ. ಹೇಳಿದವರು ಯಾರು? ಅವರಿಗೆ ತಿಳಿದದ್ದು ಹೇಗೆ: ಕಣ್ಣಾರೆ ಕಂಡರೋ, ಊಹಿಸಿದರೋ, ಇನ್ನೊಬ್ಬರಿಂದ ಕೇಳಿದರೋ? ಮಾತು ಸುಳ್ಳಾಗಿದ್ದರೆ ಏನು ಕಾಣಬೇಕಿತ್ತು? ನಾವು ನಂಬಿದರೆ ಲಾಭ ಯಾರಿಗೆ?

ನಾಲ್ಕನೆಯ ಪ್ರಶ್ನೆಯ ಬೆಲೆಯನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ತಿಂಗಳಿಗೆ ನೂರಕ್ಕೆ ಹತ್ತು ಲಾಭ ಕೊಡುತ್ತೇವೆಂದು ಹೇಳಿಕೊಂಡು ಬರುವವರಿದ್ದಾರೆ. ‘ನಮ್ಮವರೇ, ಬಸದಿಗೆ ಬರುವವರೇ’ ಎಂಬ ನಂಬಿಕೆಯ ಮೇಲೆ ಹಣ ಹಾಕಿ ಕಳೆದುಕೊಂಡ ಮನೆಗಳು ಎಲ್ಲ ಸಮಾಜಗಳಲ್ಲಿಯೂ ಇವೆ. ಮಗನಿಗೋ ಮಗಳಿಗೋ ಪೆನ್ಸಿಲು ಕೊಟ್ಟು ಲೆಕ್ಕ ಹಾಕಿಸಿರಿ. ಒಂದು ಲಕ್ಷ ರೂಪಾಯಿಗೆ ಬಂದ ಲಾಭವನ್ನು ಮತ್ತೆ ಅದರಲ್ಲಿಯೇ ಬಿಡುತ್ತ ಹೋದರೆ ವರ್ಷದ ಕೊನೆಗೆ ಸುಮಾರು 3 ಲಕ್ಷ 14 ಸಾವಿರ, ಐದು ವರ್ಷಕ್ಕೆ 3 ಕೋಟಿ ದಾಟುತ್ತದೆ. ಯಾವ ಜೋಳ, ಯಾವ ಬಟ್ಟೆ, ಯಾವ ಬಂಗಾರದ ವ್ಯಾಪಾರದಲ್ಲಿ ಇಂತಹ ಲಾಭವಿದೆ? ಹತ್ತನೆಯ ತರಗತಿಯ ಮಗು ಮಾಡಬಲ್ಲ ಈ ಲೆಕ್ಕವನ್ನು ಮನೆಯಲ್ಲಿ ಯಾರೂ ಮಾಡದಿರಲು ಕಾರಣ ಬುದ್ಧಿಯ ಕೊರತೆಯಲ್ಲ. ಹಿರಿಯರು ಒಪ್ಪಿದ ಮೇಲೆ ಕಿರಿಯರು ಕೇಳಬಾರದೆಂಬ ಕಟ್ಟಳೆಯೇ ಕಾರಣ. ಪ್ರಶ್ನೆ ಕೇಳಲು ಹೆದರುವ ಮನೆ ಹಣಕ್ಕೂ ಅಪಾಯದಲ್ಲಿದೆ, ಧರ್ಮಕ್ಕೂ ಅಪಾಯದಲ್ಲಿದೆ.

ಸೋಸಿದ ನೀರು, ಸೋಸದ ಮಾತು

ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು ಶ್ರಾವಕರ ಗುರುತು. ‘ನಲ್ಲಿ ನೀರನ್ನು ಯಾಕೆ ಸೋಸಬೇಕು?’ ಎಂದು ಮಕ್ಕಳು ಕೇಳುತ್ತಾರೆ. ಇದಕ್ಕೆ ನಮ್ಮ ಕರಪತ್ರಗಳಲ್ಲಿ ಸಿದ್ಧವಾದ ಉತ್ತರವಿದೆ: ಒಂದು ಹನಿ ನೀರಿನಲ್ಲಿ 36,450 ಜೀವಿಗಳಿವೆಯೆಂದು ವಿಜ್ಞಾನಿಯೊಬ್ಬರು ಸೂಕ್ಷ್ಮದರ್ಶಕದಲ್ಲಿ ಎಣಿಸಿದ್ದಾರಂತೆ. ಈ ಅಂಕೆಗೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಹಾಕಿರಿ. ಯಾವ ನೀರು? ಕೆರೆಯದೋ, ಬಾವಿಯದೋ, ಕಾಯಿಸಿದ್ದೋ? ಎಷ್ಟು ದೊಡ್ಡ ಹನಿ? ಕೆರೆಯ ನೀರಿನ ಒಂದು ಹನಿಯಲ್ಲಿ ಇರುವ ಜೀವಿಗಳ ಸಂಖ್ಯೆಯೂ ಶುದ್ಧೀಕರಿಸಿದ ನೀರಿನ ಹನಿಯಲ್ಲಿರುವ ಸಂಖ್ಯೆಯೂ ಒಂದೇ ಆಗುವುದು ಸಾಧ್ಯವಿಲ್ಲ. ಎಲ್ಲ ನೀರಿಗೂ ಸಲ್ಲುವ ಒಂದು ನಿಶ್ಚಿತ ಅಂಕೆ ಇರಲಾರದೆಂದು ಸಾಮಾನ್ಯ ಬುದ್ಧಿಯೇ ಹೇಳುತ್ತದೆ. ನಮ್ಮ ಪಕ್ಷದ ಮಾತೆಂದು ಇದನ್ನು ಪರೀಕ್ಷೆಯಿಲ್ಲದೆ ಮಕ್ಕಳಿಗೆ ಹೇಳಿದರೆ, ನಾಳೆ ಶಾಲೆಯಲ್ಲಿ ಯಾರಾದರೂ ನಕ್ಕಾಗ ಅಂಕೆಯೊಡನೆ ವ್ರತವೂ ಬಿದ್ದುಹೋಗುತ್ತದೆ.

ಇದಕ್ಕೆ ಎದುರಾಗಿ ಪರೀಕ್ಷಿತವಾದ ಮಾತು ಹೇಗಿರುತ್ತದೆ ನೋಡಿರಿ. ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಳೆಯ ಸೀರೆಯ ಬಟ್ಟೆಯನ್ನು ಹಲವು ಮಡಿಕೆ ಹಾಕಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಶೇ. 48ರಷ್ಟು ಕಡಿಮೆಯಾದದ್ದು ಕಂಡುಬಂದಿತು. ಇಲ್ಲಿ ಯಾವ ಊರು, ಯಾವ ಬಟ್ಟೆ, ಎಷ್ಟು ಪ್ರಮಾಣ ಎಲ್ಲವೂ ಸ್ಪಷ್ಟ. ಕಾರಣವೂ ಸ್ಪಷ್ಟ: ಕಾಲರಾದ ಸೂಕ್ಷ್ಮಾಣುಗಳು ನೀರಿನಲ್ಲಿರುವ ಅತಿ ಸಣ್ಣ ಜಲಚರಗಳಿಗೆ ಅಂಟಿಕೊಂಡಿರುತ್ತವೆ, ಬಟ್ಟೆಯ ಎಳೆಗಳು ಆ ಜಲಚರಗಳನ್ನು ತಡೆಯುತ್ತವೆ. ಮಿತಿಯೂ ಅಷ್ಟೇ ಸ್ಪಷ್ಟ: ಬಿಡಿಯಾಗಿ ತೇಲುವ ಸೂಕ್ಷ್ಮಾಣು ಬಟ್ಟೆಯೊಳಗಿಂದ ದಾಟಿ ಹೋಗುತ್ತದೆ. ಆದ್ದರಿಂದ ಸೋಸಿದ ಮೇಲೂ ಕಾಯಿಸುವುದು ಬೇಕಾಗುತ್ತದೆ.

ಇಷ್ಟಾದರೂ ‘ನೋಡು, ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು’ ಎಂದು ಬೀಗಬಾರದು. ನಮ್ಮ ಹಿರಿಯರು ನೀರು ಸೋಸಿದ್ದು ತಮ್ಮ ಹೊಟ್ಟೆಯ ಆರೋಗ್ಯಕ್ಕಾಗಿ ಅಲ್ಲ, ನೀರಿನಲ್ಲಿರುವ ಜೀವಿಗಳ ರಕ್ಷಣೆಗಾಗಿ. ಬಟ್ಟೆಯ ಮೇಲುಳಿದ ಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿ ಬಿಡುವ ವಿಧಿಯೇ ಅದಕ್ಕೆ ಸಾಕ್ಷಿ. ಈ ನಿಜವಾದ ಕಾರಣವನ್ನು ಹೇಳಿದರೆ ಮಗುವಿಗೆ ಅಹಿಂಸೆ ಅರ್ಥವಾಗುತ್ತದೆ. ನಾಳೆ ನೀರು ಶುದ್ಧೀಕರಿಸುವ ಹೊಸ ಯಂತ್ರ ಬಂದರೂ ಕರುಣೆಯ ಕಾರಣ ಹಳತಾಗುವುದಿಲ್ಲ.

ಲೋಕಮೂಢತೆ

ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂರು ಮೂಢತೆಗಳ ವಿವರಣೆಯಿದೆ. ಜನ ಮಾಡುತ್ತಾರೆಂದು ಪುಣ್ಯದ ಹೆಸರಿನಲ್ಲಿ ತಾನೂ ಮಾಡುವುದು ಲೋಕಮೂಢತೆ. 1995ರ ಸೆಪ್ಟೆಂಬರ್ 21ರಂದು ದೇಶದಾದ್ಯಂತ ವಿಗ್ರಹಗಳು ಹಾಲು ಕುಡಿಯುತ್ತಿವೆಯೆಂಬ ಸುದ್ದಿ ಹಬ್ಬಿದುದು ಅನೇಕರಿಗೆ ನೆನಪಿರಬಹುದು. ಒಂದೇ ದಿನದಲ್ಲಿ ಊರೂರಿನ ಗುಡಿಗಳ ಮುಂದೆ ಹಾಲಿನ ಪಾತ್ರೆ ಹಿಡಿದು ಜನ ಸಾಲುಗಟ್ಟಿದರು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದಾಗ, ಚಮಚದಿಂದ ಎಳೆಯಲ್ಪಟ್ಟ ಹಾಲು ಕಲ್ಲಿನ ಮೇಲೆ ತೆಳುವಾಗಿ ಹರಿದು ಕೆಳಗಿಳಿಯುವುದು ಕಣ್ಣಿಗೆ ಕಂಡಿತು. ದ್ರವದ ಮೇಲ್ಮೈ ಸೆಳೆತವೇ ಅದರ ಕಾರಣ. ಒದ್ದೆಯಾದ ನುಣುಪು ಕಲ್ಲಿಗೆ ತುಂಬಿದ ಚಮಚವನ್ನು ತಾಗಿಸಿ ಮಕ್ಕಳೊಡನೆ ಮನೆಯಲ್ಲಿಯೇ ನೋಡಬಹುದು. ಇದನ್ನು ತೋರಿಸುವಾಗ ಒಂದು ಮಾತು ನೆನಪಿರಲಿ: ಭಕ್ತಿಯಿಂದ ಸಾಲಿನಲ್ಲಿ ನಿಂತವರನ್ನು ಹಾಸ್ಯ ಮಾಡುವುದು ಪಾಠದ ಭಾಗವಲ್ಲ. ನಮ್ಮ ನೆರೆಹೊರೆಯಲ್ಲಿ ಎಲ್ಲ ಮತದವರೂ ಇದ್ದಾರೆ. ನಮ್ಮಲ್ಲಿಯೂ ಇಂತಹ ಸುದ್ದಿಗಳಿಗೆ ಕೊರತೆಯಿಲ್ಲ.

ಎರಡು ಸೂರ್ಯರ ಪ್ರಶ್ನೆ

ಜೈನ ತಂದೆಗೆ ಬರುವ ಅತ್ಯಂತ ಕಠಿಣ ಪ್ರಶ್ನೆ ಇದು. ಪಾಠಶಾಲೆಯಲ್ಲಿ ಮಗು ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪ, ನಡುವೆ ಮೇರು ಪರ್ವತ, ಸುತ್ತ ತಿರುಗುವ ಎರಡು ಸೂರ್ಯ ಎರಡು ಚಂದ್ರ ಎಂದು ಕಲಿಯುತ್ತದೆ. ಮರುದಿನ ಶಾಲೆಯಲ್ಲಿ ಗೋಳಾಕಾರದ ಭೂಮಿ, ಒಬ್ಬನೇ ಸೂರ್ಯ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದುದನ್ನು ಮಕ್ಕಳು ದೂರದರ್ಶನದಲ್ಲಿ ಕಂಡಿದ್ದಾರೆ. ‘ಅಜ್ಜಾ, ಹಂಗಾದ್ರ ಎರಡನೇ ಚಂದ್ರ ಎಲ್ಲಿ ಐತಿ?’ ಎಂದು ಮೊಮ್ಮಗಳು ಕೇಳಿದಾಗ ಏನು ಹೇಳಬೇಕು?

ಎರಡು ಸುಲಭದ ದಾರಿಗಳಿವೆ, ಎರಡೂ ಹಾನಿಕರ. ಶಾಲೆಯದೆಲ್ಲ ಸುಳ್ಳೆಂದರೆ ಮಗು ಪರೀಕ್ಷೆಯಲ್ಲಿ ಒಂದು ಬರೆದು ಮನೆಯಲ್ಲಿ ಇನ್ನೊಂದು ಹೇಳುವ ಕಪಟವನ್ನು ಕಲಿಯುತ್ತದೆ. ಶಾಸ್ತ್ರವೆಲ್ಲ ಕಟ್ಟುಕಥೆಯೆಂದರೆ ಅಹಿಂಸೆಯನ್ನೂ ಅದೇ ಬುಟ್ಟಿಗೆ ಹಾಕಿ ಎಸೆಯುತ್ತದೆ. ಮೂರನೆಯ ದಾರಿ ಕಷ್ಟದ್ದು, ಪ್ರಾಮಾಣಿಕತೆಯ ದಾರಿ.

ನಾನು ಹೇಳುವ ಉತ್ತರ ಹೀಗಿದೆ. ‘ಮಗಾ, ಆ ಕಾಲದ ಆಚಾರ್ಯರಿಗೆ ದೂರದರ್ಶಕ ಇರಲಿಲ್ಲ. ಸೂರ್ಯ ದಿನವೂ ಮುಳುಗಿ ಮತ್ತೆ ಹೇಗೆ ಬರುತ್ತಾನೆಂಬುದಕ್ಕೆ ಅವರು ಕಾರಣ ಹುಡುಕಿದರು. ಒಬ್ಬ ಸೂರ್ಯ ಮೇರುವನ್ನು ಸುತ್ತಲು ಎರಡು ದಿನ ಬೇಕಾದರೆ ದಿನವೂ ಹಗಲಾಗಲು ಎರಡು ಸೂರ್ಯರು ಬೇಕೆಂದು ಮುಹೂರ್ತಗಳ ಲೆಕ್ಕ ಹಾಕಿದರು. ಅದು ತಿಳಿಯಬೇಕೆಂಬ ಹಂಬಲದ ಫಲ. ಇಂದು ಭೂಮಿ ಗೋಳವೆಂದು ನಾವೇ ನೋಡಿ ತಿಳಿಯಬಹುದು. ಚಂದ್ರಗ್ರಹಣದಲ್ಲಿ ಭೂಮಿಯ ನೆರಳಿನ ಅಂಚು ಯಾವಾಗಲೂ ದುಂಡಗಿರುತ್ತದೆ. ಅಮೆರಿಕದಲ್ಲಿರುವ ನಿನ್ನ ಮಾವನಿಗೆ ನಮ್ಮ ಬೆಳಗಿನಲ್ಲಿ ಫೋನ್ ಮಾಡು. ಅಲ್ಲಿ ಸಂಜೆಯೋ ರಾತ್ರಿಯೋ ಆಗಿರುತ್ತದೆ.’ ಹೀಗೆ ಹೇಳಿದ ಮೇಲೆ ಒಂದು ಮಾತು ಸೇರಿಸುತ್ತೇನೆ: ‘ಇನ್ನೊಂದು ಜೀವಕ್ಕೆ ನೋವಾಗುತ್ತದೆ, ಆದ್ದರಿಂದ ಹಿಂಸೆ ಬೇಡ ಎಂಬ ಮಾತು ಸೂರ್ಯರ ಸಂಖ್ಯೆಯ ಮೇಲೆ ನಿಂತಿಲ್ಲ. ಅದನ್ನು ನಿನ್ನ ನೋವಿನಿಂದಲೇ ಪರೀಕ್ಷಿಸಿಕೊಳ್ಳಬಹುದು.’ ಇದನ್ನು ಒಪ್ಪದ ಹಿರಿಯರು ನಮ್ಮಲ್ಲಿದ್ದಾರೆ, ಅವರ ಶ್ರದ್ಧೆಗೆ ನನ್ನ ನಮಸ್ಕಾರ. ಆದರೆ ಮಗು ತಾನೇ ಕಂಡದ್ದನ್ನು ಕಂಡಿಲ್ಲವೆಂದು ಹೇಳಿಸುವ ಅಧಿಕಾರ ಸತ್ಯವ್ರತ ಹಿಡಿದ ನಮಗಿಲ್ಲ.

ಹಿರಿಯರನ್ನು ಗೌರವಿಸುತ್ತಲೇ ಪರೀಕ್ಷಿಸಬಹುದೆಂಬುದಕ್ಕೆ ನಮ್ಮ ಸೀಮೆಯದೇ ಉದಾಹರಣೆಯಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ರಚಿಸಿದರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ನಮ್ಮ ಅಕ್ಕಲಕೋಟೆಯ ಗಡಿಯಿಂದ ದೂರವಿಲ್ಲ. ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದನು. ಹಿಂದಿ ಅನುವಾದದೊಡನೆ ಅದು 1963ರಲ್ಲಿ ಪ್ರಕಟವಾದದ್ದು ನಮ್ಮ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘದಿಂದ. ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂದಿತು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಮಹಾಬುದ್ಧಿ ಅವರದು.

ಆದರೆ ಅದೇ ಗ್ರಂಥದಲ್ಲಿ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದಿದೆ. ಇದು ಸರಿಯಲ್ಲ. ಮಕ್ಕಳಿಗೆ ಹನ್ನೆರಡು ಲಾಡು ಕೊಟ್ಟು ನೋಡಿರಿ. ನಾಲ್ಕರಿಂದ ಭಾಗಿಸುವುದೆಂದರೆ ನಾಲ್ಕು ನಾಲ್ಕಾಗಿ ಎತ್ತಿಡುವುದು. ಮೂರು ಸಲಕ್ಕೆ ತಟ್ಟೆ ಬರಿದು. ಸೊನ್ನೆ ಸೊನ್ನೆಯಾಗಿ ಎತ್ತಿಟ್ಟರೆ ಎಷ್ಟು ಸಲಕ್ಕೆ ಬರಿದಾಗುತ್ತದೆ? ಎಂದಿಗೂ ಇಲ್ಲ. ಆದ್ದರಿಂದ ಉತ್ತರ ಹನ್ನೆರಡಲ್ಲ. ಅಂತಹ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಈ ಒಂದು ಸೂತ್ರ ತಪ್ಪಿದ್ದರಿಂದ ಆಚಾರ್ಯರ ಹಿರಿಮೆ ಕುಂದಿತೇ? ಕುಂದಲಿಲ್ಲ. ಅವರ ಗ್ರಂಥವನ್ನು ಪೂಜೆಯ ಮಣೆಯ ಮೇಲಿಟ್ಟು ಮರೆತವನಿಗಿಂತ, ಲಾಡು ಎಣಿಸಿ ಪರೀಕ್ಷಿಸಿದ ಮಗುವೇ ಅವರಿಗೆ ನಿಜವಾದ ಶಿಷ್ಯ.

ಅನೇಕಾಂತದ ಹೆಸರಿನಲ್ಲಿ

ಇಲ್ಲಿ ಒಂದು ಎಚ್ಚರಿಕೆ. ಕಠಿಣ ಪ್ರಶ್ನೆ ಬಂದಾಗ ‘ಅನೇಕಾಂತವಲ್ಲವೇ, ಅದೂ ಸರಿ ಇದೂ ಸರಿ’ ಎಂದು ತಪ್ಪಿಸಿಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಅನೇಕಾಂತದ ಅರ್ಥ ಅದಲ್ಲ. ತೊಗರಿಯ ದರ ಏರಿದರೆ ಬೆಳೆದವನಿಗೆ ಒಳಿತು, ಕೊಳ್ಳುವವನಿಗೆ ಕೆಡುಕು. ಎರಡೂ ನಿಜ, ಏಕೆಂದರೆ ದೃಷ್ಟಿ ಬೇರೆ. ಆದರೆ ಚೀಲದ ತೂಕ ಐವತ್ತು ಕಿಲೋ ಇದೆಯೋ ನಲವತ್ತೆಂಟೋ ಎಂಬುದಕ್ಕೆ ಇಬ್ಬರಿಗೂ ಒಂದೇ ಉತ್ತರ. ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂಬ ಅಳುಕಲ್ಲ; ‘ಈ ಅಪೇಕ್ಷೆಯಿಂದ ಖಚಿತವಾಗಿ’ ಎಂಬ ಸ್ಪಷ್ಟತೆ. ಯಾವ ದೃಷ್ಟಿಯಿಂದ ಹೇಳುತ್ತಿದ್ದೇನೆಂದು ತಿಳಿಸದವನು ಸ್ಯಾದ್ವಾದಿಯಲ್ಲ. ಮಕ್ಕಳು ಎದುರಾಳಿಯ ಪಕ್ಷವನ್ನು ಅವನೇ ಒಪ್ಪುವಂತೆ ಹೇಳಿ, ಅನಂತರ ತಮ್ಮ ಪಕ್ಷ ಹೇಳುವುದನ್ನು ಕಲಿತರೆ ಅದೇ ಅನೇಕಾಂತದ ಅಭ್ಯಾಸ.

ಪ್ರಶ್ನೆ ನಮ್ಮ ಕಡೆಗೇ ತಿರುಗಿದಾಗ

ಪ್ರಶ್ನಿಸಲು ಕಲಿತ ಮಗು ಲೋಕವನ್ನು ಮಾತ್ರ ಪ್ರಶ್ನಿಸುವುದಿಲ್ಲ. ಒಂದು ದಿನ ತಂದೆಯ ಕಡೆಗೂ ತಿರುಗುತ್ತದೆ. ನಮ್ಮ ಬಂಧುಗಳ ಮನೆಯೊಂದರಲ್ಲಿ ಹನ್ನೊಂದು ವರ್ಷದ ಹುಡುಗಿ ಶಾಲೆಯಲ್ಲಿ ರೇಷ್ಮೆಯ ಪಾಠ ಓದಿ ಬಂದಳು. ಗೂಡಿನೊಳಗೆ ಹುಳು ಇರುವಂತೆಯೇ ಬಿಸಿನೀರಿಗೆ ಹಾಕಿ ನೂಲು ತೆಗೆಯುತ್ತಾರೆಂದು ಅಲ್ಲಿತ್ತು. ಮರುದಿನ ಅಭಿಷೇಕಕ್ಕೆ ಹೊರಟ ತಂದೆಯನ್ನು ಬಾಗಿಲಲ್ಲಿ ತಡೆದು, ‘ಅಪ್ಪಾ, ಇರುವೆ ತುಳಿಬ್ಯಾಡ ಅಂತೀರಿ, ಮತ್ತ ಈ ಮಡಿ ಯಾತರದ್ದು?’ ಎಂದು ಕೇಳಿದಳು. ತಂದೆ ಆ ಕ್ಷಣ ಉತ್ತರಿಸಲಿಲ್ಲ; ಗದರಲೂ ಇಲ್ಲ. ಸಂಜೆ ಮಗಳನ್ನು ಕೂರಿಸಿಕೊಂಡು ಆ ಪಾಠವನ್ನು ತಾವೂ ಓದಿದರು. ಮುಂದಿನ ಅಷ್ಟಮಿಯಿಂದ ಆ ಮನೆಯಲ್ಲಿ ಪೂಜೆಗೆ ಹತ್ತಿಯ ಧೋತ್ರ ಬಂದಿದೆ. ಯಾವ ಪ್ರವಚನವೂ ಮಾಡಲಾಗದ ಕೆಲಸವನ್ನು ಒಂದು ಪ್ರಶ್ನೆ ಮಾಡಿತು. ಧರ್ಮಪ್ರಭಾವನೆ ಎಂದರೆ ಇದೂ ಅಲ್ಲವೇ?

ಹಾಗೆಂದು ಸಂದೇಹವೇ ಒಂದು ಅಹಂಕಾರವಾಗಬಾರದು. ಎಲ್ಲದರಲ್ಲಿಯೂ ಹುಳುಕು ಹುಡುಕಿ, ಅಜ್ಜಿಯ ಜಪಮಾಲೆಯನ್ನು ಕಂಡು ನಗುವ ಮಗು ವಿಚಾರವಂತನಲ್ಲ, ಅವಿನಯಿ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿಯೊಡನೆ ಉಪಗೂಹನ, ವಾತ್ಸಲ್ಯಗಳೂ ಇವೆ. ಬುದ್ಧಿ ಹರಿತವಾದಷ್ಟೂ ಮಾತು ಮೃದುವಾಗಬೇಕು. ಪರೀಕ್ಷೆಯ ಮೊದಲ ಚೀಲ ನಮ್ಮದೇ ಅಭಿಪ್ರಾಯದ್ದಾಗಿರಲಿ.

ಮನೆಯಲ್ಲಿ ಪಾಲಿಸಬಹುದಾದ ನಿಯಮಗಳು

1. ಮಗು ಪ್ರಶ್ನೆ ಕೇಳಿದಾಗ ಮೊದಲು ‘ನಿನಗೇನು ಅನ್ನಿಸುತ್ತದೆ?’ ಎಂದು ಕೇಳಿರಿ. ಈಹೆಯ ಮೆಟ್ಟಿಲನ್ನು ಅದು ತಾನೇ ಹತ್ತಲಿ.

2. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಇಬ್ಬರೂ ಕೂಡಿ ಹುಡುಕೋಣ’ ಎನ್ನಿರಿ. ಹೇಳಿದ ಮೇಲೆ ಹುಡುಕಿರಿ. ಹುಡುಕದೆ ಬಿಟ್ಟರೆ ಅದು ಸುಳ್ಳು ವಾಗ್ದಾನ.

3. ಮಗು ಯಾವ ಭಾಷೆಯಲ್ಲಿ ಯೋಚಿಸುತ್ತದೆಯೋ ಆ ಭಾಷೆಯಲ್ಲಿಯೇ ಕೇಳಲಿ. ಮರಾಠಿಯಲ್ಲಿ ಹುಟ್ಟಿದ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳೆಂದು ತಡೆದರೆ ಪ್ರಶ್ನೆಯೇ ಆರಿಹೋಗುತ್ತದೆ. ಣಮೋಕಾರ ಮಂತ್ರದ ಒಂದೊಂದು ಪದದ ಅರ್ಥವನ್ನೂ ಮನೆಮಾತಿನಲ್ಲಿ ಬಿಡಿಸಿ ಹೇಳಿರಿ.

4. ಮೊಬೈಲಿನಲ್ಲಿ ಬಂದ ಆಶ್ಚರ್ಯಕರ ಸಂದೇಶವನ್ನು ವಾರಕ್ಕೊಂದರಂತೆ ಮಕ್ಕಳೊಡನೆ ಪರೀಕ್ಷಿಸಿರಿ. ಇಂದು ಕೇಳಿದ ಕೂಡಲೆ ಉತ್ತರ ಬರೆದುಕೊಡುವ ಯಂತ್ರಗಳೂ ಬಂದಿವೆ. ಅವುಗಳ ಉತ್ತರಕ್ಕೂ ಅದೇ ನಾಲ್ಕು ಪ್ರಶ್ನೆಗಳು ಅನ್ವಯಿಸುತ್ತವೆ.

5. ಹೆಣ್ಣುಮಗುವಿನ ಪ್ರಶ್ನೆಗೂ ಗಂಡುಮಗುವಿನ ಪ್ರಶ್ನೆಗೂ ಒಂದೇ ಗೌರವವಿರಲಿ. ಬ್ರಾಹ್ಮಿ-ಸುಂದರಿಯರನ್ನು ನೆನೆಯಿರಿ.

6. ನಿಯಮ ಹೇಳುವಾಗ ಅದರ ನಿಜವಾದ ಕಾರಣವನ್ನೇ ಹೇಳಿರಿ. ಹೆದರಿಸಲು ನರಕವನ್ನೂ ಮೆಚ್ಚಿಸಲು ವಿಜ್ಞಾನವನ್ನೂ ಎಳೆದು ತರಬೇಡಿರಿ.

7. ಬಸದಿಯ ಪಾಠಶಾಲೆಯಲ್ಲಿ ಕೊನೆಯ ಹದಿನೈದು ನಿಮಿಷ ಪೃಚ್ಛನೆಗೆ ಮೀಸಲಿರಲಿ. ಆ ಹೊತ್ತಿನಲ್ಲಿ ಹಿರಿಯರು ಕೇಳಲಿ, ಮಕ್ಕಳು ಮಾತನಾಡಲಿ.

ಏಳನೆಯ ನಿಯಮವನ್ನು ನಮ್ಮ ಟ್ರಸ್ಟಿನ ಮುಂದಿಡುವ ಉದ್ದೇಶದಿಂದಲೇ ಈ ಲೇಖನ ಬರೆದಿದ್ದೇನೆ. ಉತ್ಸವಕ್ಕೆ ಬರುವ ತಂದೆ-ತಾಯಂದಿರು ತಮ್ಮ ಅಭಿಪ್ರಾಯವನ್ನು ಟ್ರಸ್ಟಿನ ಸದಸ್ಯರಿಗೆ ತಿಳಿಸಬೇಕೆಂದು ಕೋರುತ್ತೇನೆ. ಒಪ್ಪಿಗೆಯಿದ್ದರೆ ಸಂತೋಷ, ಪ್ರಶ್ನೆಯಿದ್ದರೆ ಇನ್ನೂ ಸಂತೋಷ.

ಎಲ್ಲರ ಮನೆಗಳಲ್ಲಿ ಸಮ್ಯಗ್ಜ್ಞಾನದ ದೀಪ ಬೆಳಗಲಿ. ಜಯ ಜಿನೇಂದ್ರ.
</pi­ece>